ಹಿಂದಿನ ಆಸನದವನ ಋಣ

ಕಂತು ಒಂಬತ್ತು

ಭತ್ತದ ಕಟಾವು ಅರ್ಧಕ್ಕೆ ಬಂದಿತ್ತು. ಆರಿನ್ ಟೀಗ್‌ನ ಯಂತ್ರ ಬೆಳಗಿನ ಇಬ್ಬನಿ ಆರುವುದನ್ನೇ ಕಾದಿದ್ದು ಗದ್ದೆಗಿಳಿದಿತ್ತು. ಅದು ಹೋದಲ್ಲೆಲ್ಲ ಹೊಟ್ಟಿನ ಧೂಳು ಎದ್ದು, ಕಣಿವೆಯ ನಡುವೆ ಒಂಟಿಯಾಗಿ ನಿಂತ ಬೆಟ್ಟಗಳು ಇದ್ದವೋ ಇಲ್ಲವೋ ಎಂಬಂತೆ ಮಸುಕಾಗಿದ್ದವು. ಧಾನ್ಯದ ಬಂಡಿ ತುಂಬಿ ಹೋಗುತ್ತಿತ್ತು, ಬರಿದಾಗಿ ಬರುತ್ತಿತ್ತು.

ಮಾರ್ವಾ ಕೆಲ್ಸೊ ಗದ್ದೆಯಂಚಿನ ಬಸಿಗಾಲುವೆಯ ದಂಡೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು ನೀರು ನೋಡುತ್ತಿದ್ದಳು. ವಾಯುನೆಲೆಯ ಮೇಜರ್ ಆನ್ಸೆಲ್ ಬ್ರೋಡಿಯ ಹೆಣ ಸಿಕ್ಕಿದ್ದು ಇಲ್ಲಿ. ಬೇಲಿಯ ಈಚೆ ಸಿಕ್ಕಿದ್ದರಿಂದ ಕೇಸು ಶೆರಿಫ್ ಕಚೇರಿಗೆ ಬಂದಿತ್ತು. ಶೆರಿಫ್ ಕಚೇರಿಯಲ್ಲಿ ತನಿಖೆ ಎಂದರೆ ಮಾರ್ವಾ.

ಟೀಗ್ ಬಂಡಿ ನಿಲ್ಲಿಸಿ ಇಳಿದು ಬಂದ.

"ಆ ಹಳದಿ ಪಟ್ಟಿ ಯಾವಾಗ ಬಿಚ್ತೀಯ ತಾಯಿ? ಯಂತ್ರ ತಿರುಗೋಕೆ ಜಾಗ ಇಲ್ಲ."

"ಸಾಯಂಕಾಲ. ಶೆರಿಫ್ ಹೇಳಿಯಾಗಿದೆ."

"ಅಂದ್ರೆ ತಾನೇ ಸತ್ತ ಅಂತ ತೀರ್ಮಾನ ಆಯ್ತಾ?"

"ನಾನು ಮಾಡಿಲ್ಲ."

"ನಿನ್ನ ಕೇಳೋರ್ಯಾರು? ನಿಮ್ಮಪ್ಪನೂ ಹೀಗೇ. ಮೋಡ ತಲೆ ಮೇಲೆ ಬಂದ್ರೂ ಮಳೆ ಬರಲ್ಲ ಅಂತ ಹಟ ಹಿಡಿದು ಕೂರೋನು. ಬೆಳೆ ನೆನೆಸ್ಕೊಂಡು ಮನೆಗೆ ಬರೋನು."

"ಅವನು ಸತ್ತ ಭಾನುವಾರ ಇದರಲ್ಲಿ ನೀರು ಎಷ್ಟಿತ್ತು ಆರಿನ್?"

"ಮೊಣಕಾಲಿಗೆ ಬರ್ತಿರಲಿಲ್ಲ. ಬಾತುಕೋಳಿ ಈಜೋಕೆ ಸಾಲದು. ಮನುಷ್ಯ ಮುಳುಗ್ತಾನಾ?"

"ಮನಸ್ಸು ಮಾಡಿದೋನಿಗೆ ಅಂಗೈಯಗಲ ನೀರು ಸಾಕು ಅಂತಾರೆ ವಾಯುನೆಲೆಯವರ ಡಾಕ್ಟರು."

"ಅವರ ಡಾಕ್ಟರು," ಎಂದ ಟೀಗ್, ಹಲ್ಲಿಗೆ ಸಿಕ್ಕ ಹೊಟ್ಟನ್ನು ಉಗಿಯುವವನಂತೆ.

ಅಷ್ಟರಲ್ಲಿ ನೆರಳೊಂದು ಗದ್ದೆಯ ಮೇಲೆ ಸರಿಯಿತು. ಇಬ್ಬರೂ ತಲೆ ಎತ್ತಲಿಲ್ಲ. ಈ ಸುತ್ತಿನವರು ಹುಟ್ಟಿದಾಗಿನಿಂದ ನೋಡುತ್ತಿರುವುದೇ ಅದು. ಆಕಾಶದ ಅಂಚಿಗೆ ಹೋಗಿ ಪರದೇಶಗಳ ನೆಲ ಇಣುಕುವ ಬೇಹು ವಿಮಾನ. ಅಲ್ಲಿಗೆ ಹೋಗುವವನು ಒಬ್ಬನೇ ಹೋಗುತ್ತಾನೆ. ಆದರೆ ಹೊಸಬನಿಗೆ ಕಲಿಸುವ ವಿಮಾನಕ್ಕೆ ಮಾತ್ರ ಎರಡು ಆಸನ. ಶಿಷ್ಯ ಮುಂದೆ, ಗುರು ಅವನ ಬೆನ್ನ ಹಿಂದೆ ಒಂದು ಮೆಟ್ಟಿಲು ಮೇಲೆ, ಜಾತ್ರೆಯಲ್ಲಿ ಅಪ್ಪನ ಹೆಗಲೇರಿದ ಮಗುವಿನಂತೆ. ಬೆನ್ನ ಮೇಲೆ ಎರಡು ಗಾಜಿನ ಉಬ್ಬಿದ್ದರಿಂದ ಊರವರು ಅದನ್ನು ಜೋಡಿಗೂನು ಎನ್ನುತ್ತಿದ್ದರು.

ಬೇಸಿಗೆಯ ಕೊನೆಯಲ್ಲಿ ಅಂಥದೊಂದು ಜೋಡಿಗೂನು ರನ್‌ವೇ ಮೇಲೆ ಇಳಿಯುವಾಗ ಧೊಪ್ಪೆಂದು ಬಿದ್ದು ರೆಕ್ಕೆ ಮುರಿದುಕೊಂಡಿತ್ತು. ಮುಂದೆ ಕೂತ ಶಿಷ್ಯನ ಬೆನ್ನು ಮುರಿಯಿತು. ಅವನಿಗೆ ಆ ದಿನದ್ದೇನೂ ನೆನಪಿಲ್ಲ. ಹಿಂದೆ ಕೂತಿದ್ದ ಗುರು ಬ್ರೋಡಿ. ತಪ್ಪು ಅವನ ತಲೆಗೆ ಬಂತು. ಆ ಅವಮಾನ ತಾಳದೆ ಕಾಲುವೆಗೆ ಬಿದ್ದ ಎಂದು ವಾಯುನೆಲೆ ಹೇಳಿತು.

ಮಾರ್ವಾ ಲೆನೋರಾ ಬ್ರೋಡಿಯ ಮನೆಗೆ ಹೋಗಿದ್ದಳು. ಹಾರುವವನೊಬ್ಬ ಸತ್ತರೆ ಉಳಿದ ಮನೆಗಳಿಂದ ಊಟದ ಪಾತ್ರೆಗಳು ಸಾಲಾಗಿ ಬರುವುದು ಅಲ್ಲಿನವರ ಪದ್ಧತಿ. ಲೆನೋರಾಳ ಅಡುಗೆಮನೆಯ ಮೇಜು ಖಾಲಿ ಇತ್ತು.

"ಯಾರೂ ಬರಲಿಲ್ಲ," ಎಂದಿದ್ದಳು ಅವಳು. "ಮಕ್ಕಳು ಕೇಳ್ತಾವೆ. ಅಪ್ಪ ತಪ್ಪು ಮಾಡಿದ್ನಾ ಅಂತ. ನಾನು ಏನು ಹೇಳಲಿ? ಅದೊಂದನ್ನ ತಂದುಕೊಡಿ ಸಾಕು. ಅವರನ್ನ ತಂದುಕೊಡಿ ಅಂತ ಕೇಳ್ತಿಲ್ಲ."

ಆ ಒಂದು ಮಾತು ಈಗ ಒಬ್ಬನ ಬಾಯಲ್ಲಿತ್ತು. ಅವನು ಕ್ಯಾಪ್ಟನ್ ಗ್ಯಾರೆಟ್ ಲಿಂಡ್, ಈ ವಿಮಾನಕ್ಕೆ ಸೇರಬೇಕೆಂದು ಬಂದ ಹೊಸಬ. ನಿನ್ನೆ ಹೆದ್ದಾರಿ ಬದಿಯ ಪೈ ಅಂಗಡಿಯಲ್ಲಿ ಕೂತು, ತಟ್ಟೆಯಲ್ಲಿದ್ದ, ಪೀಚ್ ಹಣ್ಣು ತುಂಬಿ ಬೇಯಿಸಿದ ಪೈಯನ್ನು ತಿನ್ನದೆ ಫೋರ್ಕಿನಲ್ಲಿ ಕೆದಕುತ್ತ, ಅವನು ಅದನ್ನು ಹೇಳಿದ್ದ.

"ಆವತ್ತು ಬ್ರೋಡಿಗೆ ಎತ್ತರ ಕೂಗಿ ಹೇಳಿದ್ದು ಕರ್ನಲ್ ವೇನ್ ಅಲ್ಲ. ನಾನು."

ಆ ವಿಮಾನ ಇಳಿಯುವಾಗ ಒಳಗಿದ್ದವರಿಗೆ ನೆಲ ಸರಿಯಾಗಿ ಕಾಣುವುದಿಲ್ಲ. ಗಾಲಿಗಳೂ ಸೈಕಲ್ಲಿನಂತೆ ಒಂದರ ಹಿಂದೊಂದು. ಅದಕ್ಕೆ ಹಿಂದಿನಿಂದ ಒಂದು ಕಾರು ಅಟ್ಟಿಸಿಕೊಂಡು ಹೋಗುತ್ತದೆ. ಕಾರಿನಲ್ಲಿ ಕೂತವನು ಹತ್ತಡಿ, ಐದಡಿ ಎಂದು ರೇಡಿಯೊದಲ್ಲಿ ಹೇಳುತ್ತಾನೆ. ಎರಡು ಎಂದಾಗ ಮೇಲಿದ್ದವನು ಗಾಳಿಯ ಮೇಲಿನ ರೆಕ್ಕೆಯ ಹಿಡಿತವನ್ನು ಬಿಡಿಸಿಬಿಡುತ್ತಾನೆ, ವಿಮಾನ ಕೂರುತ್ತದೆ. ಆದ್ದರಿಂದ ಅದನ್ನು ಹೇಳುವವನು ಅದೇ ವಿಮಾನವನ್ನು ಹಾರಿಸಿ ಪಳಗಿದವನಾಗಿರಬೇಕು, ಬೇರೆ ಯಾರೂ ಮೈಕು ಮುಟ್ಟಕೂಡದು. ಇದು ಅಲ್ಲಿ ದೇವರ ಮಾತಿನಂತೆ.

ಆವತ್ತು ಹತ್ತಡಿ ಮೇಲಿದ್ದಾಗಲೇ "ಎರಡು" ಎಂದು ಕೇಳಿತ್ತು. ಆ ಧ್ವನಿ ವೇನ್‌ನದಲ್ಲ ಎಂದು ಬ್ರೋಡಿ ವಿಚಾರಣೆಯಲ್ಲಿ ಹೇಳಿದ್ದ. ಕಾರಿಗೂ ವಿಮಾನಕ್ಕೂ ನಡುವಿನ ಮಾತು ಅಲ್ಲಿ ಧ್ವನಿಮುದ್ರಣವಾಗುತ್ತಿರಲಿಲ್ಲ. ಲೆಫ್ಟಿನೆಂಟ್ ಕರ್ನಲ್ ಕರ್ಟಿಸ್ ವೇನ್ ತಾನೇ ಹೇಳಿದೆ, ಸರಿಯಾಗಿಯೇ ಹೇಳಿದೆ ಎಂದ. ಪಕ್ಕದಲ್ಲಿ ಕೂತಿದ್ದ ಲಿಂಡ್ ಹೌದೆಂದ. ಲಿಂಡ್‌ನನ್ನು ಸೇರಿಸಿಕೊಳ್ಳಬೇಕೋ ಬೇಡವೋ ಎಂದು ನಿರ್ಧರಿಸುವವನೇ ವೇನ್.

"ಬರೆದು ಕೊಡು," ಎಂದಿದ್ದಳು ಮಾರ್ವಾ.

"ಕೊಡ್ತೀನಿ. ನಾಳೆ ನನ್ನ ಕೊನೇ ಪರೀಕ್ಷೆ ಹಾರಾಟ. ಅದು ಮುಗಿದ ಕೂಡಲೇ ಬರ್ತೀನಿ. ಹೇಳಿದ ಮೇಲೆ ನನ್ನನ್ನ ಅದರ ಹತ್ತಿರಕ್ಕೂ ಸೇರಿಸಲ್ಲ ಮೇಡಂ. ಒಂದು ಸಲ ಹಾರಿಬಿಡ್ತೀನಿ. ಬ್ರೋಡಿ ಋಣ ನನ್ನ ಮೇಲಿದೆ, ತೀರಿಸದೆ ಓಡಿಹೋಗಲ್ಲ."

ಅವಳು ಒಪ್ಪಿದ್ದಳು. ಕೊಯ್ಲಿನ ಮನೆಯಲ್ಲಿ ಬೆಳೆದವಳು. ಇನ್ನೊಂದು ಸಾಲು ಮುಗಿಸಿ ಬರ್ತೀನಿ ಎಂದವನನ್ನು ಅರ್ಧಕ್ಕೆ ಕರೆದ ರೂಢಿ ಅವಳಿಗಿರಲಿಲ್ಲ.

ಅದೇ ದಿನ ಮಧ್ಯಾಹ್ನ ವಾಯುನೆಲೆಯ ಗೇಟಿನಲ್ಲಿ ಅವಳ ಫೋನು ತೆಗೆದಿಟ್ಟುಕೊಂಡರು. ಪಿಸ್ತೂಲು ಅವಳ ಪಿಕಪ್ಪಿನ ಪೆಟ್ಟಿಗೆಯಲ್ಲೇ ಉಳಿಯಿತು. ಜಿಲ್ಲೆಯ ಪಿಸ್ತೂಲಿಗೆ ಬೇಲಿಯೊಳಗೆ ಬೆಲೆಯಿಲ್ಲ. ವಿಮಾನ ಇಳಿಯುವುದನ್ನು ಕಣ್ಣಾರೆ ನೋಡಬೇಕೆಂದು ಅವಳೇ ಬೇಡಿಕೊಂಡಿದ್ದಳು. ಒಂದು ಸಲ ನೋಡಿಕೊಂಡು ಹೋಗಲಿ, ಆಮೇಲೆ ಬಾಯಿ ಮುಚ್ಚುತ್ತಾಳೆ ಎಂದು ಮೇಲಿನವರು ಒಪ್ಪಿದ್ದರು.

ಕಾರು ರನ್‌ವೇಯ ತುದಿಯಲ್ಲಿ ನಿಂತಿತ್ತು. ಕಪ್ಪಗೆ, ನೆಲಕ್ಕಂಟಿಕೊಂಡು. ಚಾಲಕನ ಆಸನದಲ್ಲಿ ವೇನ್ ಸೂರ್ಯಕಾಂತಿ ಬೀಜ ಸುಲಿದು ತಿನ್ನುತ್ತ, ಸಿಪ್ಪೆಯನ್ನು ಕಾಗದದ ಲೋಟಕ್ಕೆ ಉಗಿಯುತ್ತಿದ್ದ. ಕಿವಿಯ ಪಕ್ಕದಲ್ಲಿ ನರೆತ ಕೂದಲು, ಇಸ್ತ್ರಿ ಮುರಿಯದ ಉಡುಪು. ಬಾಗಿಲನ್ನು ತಾನೇ ತೆರೆದುಕೊಟ್ಟ.

"ಬೆಲ್ಟು ಬಿಗಿಯಾಗಿ ಹಾಕ್ಕೊಳ್ಳಿ ಮೇಡಂ. ಆ ಹೆಡ್‌ಫೋನಲ್ಲಿ ಕೇಳ್ಬಹುದು ಅಷ್ಟೆ, ಮಾತಾಡಕ್ಕಾಗಲ್ಲ."

"ಮೇಲೆ ಯಾರ್‍ಯಾರು?"

"ಮುಂದೆ ಲಿಂಡ್. ಹಿಂದೆ ಮೇಜರ್ ರೂತ್ ಹಾಲರನ್. ಬ್ರೋಡಿ ಜಾಗಕ್ಕೆ ಬಂದಾಕೆ."

ಜೋಡಿಗೂನು ಗದ್ದೆಗಳ ಮೇಲಿಂದ ತೇಲಿ ಬಂತು. ತಲೆಯ ಮೇಲೆ ಹಾದದ್ದೇ ತಡ, ಕಾರು ಬಾಣದಂತೆ ಅದರ ಬೆನ್ನಿಗೆ ಬಿತ್ತು. ಮಾರ್ವಾಳ ಬೆನ್ನು ಆಸನಕ್ಕೆ ಒತ್ತಿಕೊಂಡಿತು. ವೇನ್ ಒಂದು ಕೈಯಲ್ಲಿ ಸ್ಟೀರಿಂಗ್ ಚಕ್ರ, ಇನ್ನೊಂದರಲ್ಲಿ ಮೈಕು ಹಿಡಿದು, ಪೂಜೆಗೆ ಮಂತ್ರ ಹೇಳುವವನ ಧಾಟಿಯಲ್ಲಿ ಹೇಳುತ್ತಿದ್ದ.

"ಹತ್ತು. ಎಂಟು. ಐದು. ಮೂರು. ಎರಡು. ಎರಡು."

ವಿಮಾನ ಒಮ್ಮೆ ನಡುಗಿ ಕೂತಿತು. ಕೂತು ಸ್ವಲ್ಪ ಓಡಿ, ಗುಡುಗುತ್ತ ಮತ್ತೆ ಎದ್ದುಹೋಯಿತು. ಇನ್ನೊಂದು ಸುತ್ತಿಗೆ.

"ಹೆದರಿದ್ರಾ?"

"ನಮ್ಮೂರ ಹುಡುಗರು ಶನಿವಾರ ಇದಕ್ಕಿಂತ ಜೋರಾಗಿ ಓಡಿಸ್ತಾರೆ."

"ಅವರಿಗೆ ದಂಡ ಹಾಕ್ತೀರಾ?"

"ಕೈಗೆ ಸಿಕ್ಕಿದ್ರೆ."

ವೇನ್ ನಕ್ಕ. ಒಳ್ಳೆಯ ನಗು. ಊರಿನ ಸಭೆಯಲ್ಲಿ ಎಲ್ಲರೂ ಪಕ್ಕಕ್ಕೆ ಕೂರಿಸಿಕೊಳ್ಳಲು ಬಯಸುವಂಥ ಮನುಷ್ಯ.

"ಅವರಿಗೆ ನೆಲ ಒಂಚೂರೂ ಕಾಣಲ್ವಾ?" ಎಂದು ಕೇಳಿದಳು.

"ತುಂಬು ಬಸುರಿಗೆ ತನ್ನ ಪಾದ ಕಂಡಷ್ಟು."

"ಹಿಂದೆ ಕೂತವರಿಗೆ?"

"ಅವರಿಗೆ ಅದೂ ಇಲ್ಲ. ಮುಂದಿನವನ ತಲೆ ಮೇಲಿನ ಗಾಜಿನ ಗೂನು ಕಾಣುತ್ತೆ."

"ಮತ್ತೆ ಬ್ರೋಡಿ ತಪ್ಪು ಹೇಗಾಯ್ತು?"

ಬೀಜವೊಂದು ಅವನ ಹಲ್ಲಿನ ನಡುವೆ ಟಕ್ಕೆಂದಿತು. "ಶಿಷ್ಯ ಎಡವಿದ್ರೆ ಹಿಡಿಯೋದು ಗುರು ಕೆಲಸ. ಹಿಡೀಲಿಲ್ಲ."

ಎರಡನೆಯ ಸಲವೂ ವಿಮಾನ ಬಂತು, ಕೂತಿತು, ಎದ್ದುಹೋಯಿತು. ವೇನ್ ಹೇಳಿದ ಒಂದೊಂದು ಅಡಿಯೂ ಸರಿಯಾಗಿತ್ತು. ಕಾರನ್ನು ರನ್‌ವೇಯ ಕೊನೆಯಲ್ಲಿ ರಪ್ಪನೆ ತಿರುಗಿಸಿದಾಗ, ಮಾರ್ವಾಳ ಆಸನದ ಕೆಳಗಿನಿಂದ ಏನೋ ಉರುಳಿ ಬಂದು ಅವಳ ಬೂಟಿಗೆ ಬಡಿಯಿತು.

ಮಣ್ಣಿನ ಹೆಂಟೆ. ನಿಂಬೆಹಣ್ಣಿನಷ್ಟು.

ಅವಳು ಎತ್ತಿಕೊಂಡಳು. ಕರಿ ಎರೆ, ಒಣಗಿ ಕಲ್ಲಾಗಿತ್ತು. ಒಂದು ಮಗ್ಗುಲು ನುಣ್ಣಗೆ. ಬೂಟಿನ ಹಿಮ್ಮಡಿಯಡಿ ಸಿಕ್ಕಿ ಒತ್ತಿಕೊಂಡದ್ದು. ಇನ್ನೊಂದು ಮಗ್ಗುಲಲ್ಲಿ ಭತ್ತದ ಬೇರು, ಕೂದಲಿನಂತೆ. ಉಗುರಿನಿಂದ ಕೆರೆದಳು. ಒಳಗೆ ಬಸಿಗಾಲುವೆಯ ಪಾಚಿಯ ಹಸಿರು ಇನ್ನೂ ಆರಿರಲಿಲ್ಲ.

ಹೊಟ್ಟಾಗಿದ್ದರೆ ಅವಳು ಒರೆಸಿ ಬಿಸಾಡುತ್ತಿದ್ದಳು. ಈ ತಿಂಗಳಲ್ಲಿ ಹೊಟ್ಟು ಹಾಲಿನ ಲೋಟದಲ್ಲೂ ಇರುತ್ತದೆ. ಆದರೆ ಮಣ್ಣು ಗಾಳಿಯಲ್ಲಿ ಬರುವುದಿಲ್ಲ. ಏಪ್ರಿಲ್ ಕಳೆದ ಮೇಲೆ ಈ ಕಣಿವೆಗೆ ಒಂದು ಹನಿ ಮಳೆ ಬಿದ್ದಿಲ್ಲ. ಈ ಕಾರು ಕಾಂಕ್ರೀಟು ಬಿಟ್ಟು ಬೇರೆ ನೆಲ ಕಂಡದ್ದಲ್ಲ. ಹಸಿ ಎರೆ ಇದ್ದದ್ದು ಒಂದೇ ಕಡೆ. ರನ್‌ವೇಯ ತುದಿಯಲ್ಲಿ ಹಿಂಬದಿ ಗೇಟು, ಗೇಟಿನಾಚೆ ಟೀಗ್‌ನ ಗದ್ದೆ, ಗದ್ದೆಯ ಅಂಚಿಗೆ ಕಾಲುವೆ.

ತಲೆ ಎತ್ತಿದಾಗ ವೇನ್ ಅವಳ ಕೈಯನ್ನೇ ನೋಡುತ್ತಿದ್ದ.

"ಏನು ಸಿಕ್ತು?"

"ಮಣ್ಣು."

"ಹುಡುಗರು ಸರಿಯಾಗಿ ಗುಡಿಸಲ್ಲ. ಹೇಳ್ಬೇಕು."

"ಗುಡಿಸೋದು ಬೇಡ ಅಂತ ಹೇಳಿ." ಅವಳು ಹೆಂಟೆಯನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡಳು. "ಗದ್ದೆ ಮಣ್ಣು ಈ ಕಾರಿಗೆ ಹೇಗೆ ಬಂತು ಕರ್ನಲ್?"

ಅವನು ಕಾರನ್ನು ಅದರ ಜಾಗಕ್ಕೆ ತಂದು ನಿಲ್ಲಿಸಿದ. ಎಂಜಿನ್ನು ಗುರುಗುಡುತ್ತಲೇ ಇತ್ತು. ಆಕಾಶದ ದೂರದ ಮೂಲೆಯಲ್ಲಿ ಜೋಡಿಗೂನು ರೆಕ್ಕೆ ಓರೆಮಾಡಿ ತಿರುಗುತ್ತಿತ್ತು.

"ಲಿಂಡ್ ನಿಮಗೆ ಏನೇನು ಹೇಳಿದ?"

ಮಾರ್ವಾ ಆ ಹೆಸರನ್ನು ಎತ್ತಿರಲಿಲ್ಲ. ಅವಳು ಅವನ ಕಡೆ ತಿರುಗಿದಳು.

"ಊರು ಚಿಕ್ಕದು ಮೇಡಂ," ಎಂದ ಅವನು, ಅವಳ ಮುಖ ನೋಡಿ. "ಪೈ ಅಂಗಡೀಲಿ ಕೂತು ಗುಟ್ಟು ಹೇಳಿದ್ರೆ ಪೈ ಆರೋ ಮೊದಲು ಬೇಲಿ ದಾಟಿರುತ್ತೆ. ನೀವು ಹೊರಗಡೆ ಕರ್ಕೊಂಡು ಹೋಗಿ ಮಾತಾಡಿಸ್ಬೇಕಿತ್ತು."

"ಹೌದು," ಎಂದಳು.

"ಕಲೀಲಿ ಅಂತ ಮೈಕು ಕೊಟ್ಟೆ. ಒಂದೇ ಸಲ. ಕಾರು ಕೊಂಚ ಹಿಂದೆ ಬಿದ್ದಿತ್ತು. ಹಿಂದಿನಿಂದ ನೋಡಿದ್ರೆ ಹತ್ತೂ ಎರಡೂ ಒಂದೇ ಥರ ಕಾಣುತ್ತೆ, ಪಳಗದ ಕಣ್ಣಿಗೆ. ಇಪ್ಪತ್ತು ವರ್ಷ ಮಾಡಿದ ಕೆಲಸ ಮೇಡಂ. ಒಂದು ಸಲದ ಸಲುಗೆಗೆ ಅಷ್ಟೂ ಕೊಟ್ಟುಬಿಡ್ಬೇಕಾ?"

"ಬ್ರೋಡಿ ಕೊಡ್ಬೇಕಿತ್ತಾ?"

ವೇನ್ ಲೋಟದೊಳಗೆ ನೋಡಿದ. "ಭಾನುವಾರ ಹಿಂದಿನ ಗೇಟಿಗೆ ಬಂದ. ಮಾತಾಡಿದ್ವಿ. ದಂಡೆ ಮೇಲೆ ಮಾತಿಗೆ ಮಾತು ಬೆಳೀತು. ಜಾರಿ ಬಿದ್ದ. ತಲೆ ತೂಬಿನ ಕಲ್ಲಿಗೆ ತಾಗ್ತು."

"ಮುಖ ನೀರಲ್ಲಿತ್ತು."

"ಇತ್ತು."

"ನೀವು ಎತ್ತಲಿಲ್ಲ."

"ಇಳಿದೆ. ಹತ್ತಿರ ನಿಂತೆ. ಎತ್ತಲಿಲ್ಲ."

ನಾಳೆ ಗಾಳಿ ಬೀಸಬಹುದು ಎನ್ನುವಂತೆ ಹೇಳಿದ. ಹೇಳಿ ಇನ್ನೊಂದು ಬೀಜ ಬಾಯಿಗೆ ಹಾಕಿಕೊಂಡ.

"ಇದನ್ನ ನಾನು ಹೇಳಿದ್ದು ನೀವು ಕೇಳಿದ್ದು. ಮೂರನೆಯವರಿಲ್ಲ. ಜೇಬಲ್ಲಿರೋ ಮಣ್ಣು ನನ್ನ ಕಾರಲ್ಲೇ ಸಿಕ್ತು ಅನ್ನೋಕೆ ಸಾಕ್ಷಿ ನೀವೊಬ್ಬರೇ. ಉಳಿದದ್ದು ಲಿಂಡ್."

ಹೆಡ್‌ಫೋನಿನಲ್ಲಿ ಹಾಲರನ್‌ಳ ಧ್ವನಿ ಬಂತು. "ಇದು ಕೊನೇದು. ಇಂಧನ ಇಳಿಯೋಕಷ್ಟೇ ಇದೆ. ಹುಡುಗ ಚೆನ್ನಾಗಿ ಮಾಡ್ತಿದಾನೆ ಕರ್ಟಿಸ್, ಕೆಳಗೆ ಬಂದ ಮೇಲೆ ಬೆನ್ನು ತಟ್ಟು."

"ತಟ್ಟೋಣ," ಎಂದ ವೇನ್ ಮೈಕಿಗೆ.

"ಬೇರೆಯವರನ್ನ ಕರೆಸಿ," ಎಂದಳು ಮಾರ್ವಾ. ತನ್ನ ಧ್ವನಿ ತನಗೇ ಸಣ್ಣದಾಗಿ ಕೇಳಿಸಿತು. "ಈ ಇಳಿಯೋದನ್ನ ನೀವು ಹೇಳೋದು ಬೇಡ."

"ಬೇರೆ ಕಾರು ಶೆಡ್ಡಲ್ಲಿದೆ. ಅದು ಬರೋವರೆಗೆ ಅವರು ಮೇಲಿರಲ್ಲ."

"ನಾನು ಇಳೀತೀನಿ."

"ಇಳೀರಿ. ಇಳಿದು ಯಾರಿಗೆ ಹೇಳ್ತೀರಿ?"

ಬಾಗಿಲ ಹಿಡಿಯ ಮೇಲೆ ಅವಳ ಕೈ ಇತ್ತು. ಹೊರಗೆ ಕಣ್ಣು ಹಾಯುವಷ್ಟು ದೂರ ಬಿಳಿ ಕಾಂಕ್ರೀಟು, ಅದರ ಮೇಲೆ ಬಿಸಿಲಿನ ಝಳ. ಇಳಿದ ವಿಮಾನದ ರೆಕ್ಕೆ ಹಿಡಿಯಲು ಕಾದಿದ್ದ ಕೆಲಸದವರು ಆ ಕೊನೆಯಲ್ಲಿ ಕಡ್ಡಿಗಳಂತೆ ಕಾಣುತ್ತಿದ್ದರು. ಅಲ್ಲಿಗೆ ಓಡಿದರೂ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಇಲ್ಲಿ ಕೂತಿದ್ದರೆ ಕಡೇಪಕ್ಷ ಕಣ್ಣಿನಿಂದ ನೋಡಬಹುದು. ಅವಳು ಕೈ ತೆಗೆದಳು. ಬೆಲ್ಟು ಹಾಕಿಯೇ ಇತ್ತು.

ಚಕ್ರ ಕಸಿದುಕೊಂಡರೆ? ಆ ವೇಗದಲ್ಲಿ ಕಾರು ಪಲ್ಟಿಯಾಗುತ್ತದೆ, ವಿಮಾನದ ಬಾಲಕ್ಕೇ ಹೋಗಿ ಬಡಿದರೂ ಬಡಿಯಿತು. ಮೈಕು ಕಸಿದು ಏಳಿರಿ ಎಂದು ಕೂಗಿದರೆ? ವೇಗ ಕಳೆದುಕೊಂಡ ವಿಮಾನ ಗಾಬರಿಯಲ್ಲಿ ಮೂಗೆತ್ತಿದರೆ ಮಗುಚಿ ಬೀಳುತ್ತದೆ; ಅದನ್ನು ಲಿಂಡ್‌ನೇ ಹೇಳಿದ್ದ. ಇಂಧನವೂ ಇಲ್ಲ. ಸುಮ್ಮನಿದ್ದರೆ ಹಾಲರನ್ ಒಬ್ಬಳೇ ಅಂದಾಜಿನ ಮೇಲೆ ಇಳಿಸಿಯಾಳು, ಇಳಿಸದೆಯೂ ಇರಬಹುದು. ಯಾವ ಕಡೆ ತಿರುಗಿದರೂ ಗೋಡೆ.

"ನೀವು ಹಾಗೆ ಮಾಡಲ್ಲ," ಎಂದಳು. "ಹಾಲರನ್ ನಿಮ್ಮ ಸ್ನೇಹಿತೆ."

"ನಾನೇನು ಮಾಡ್ತೀನಿ ಅಂತ ಹೇಳಿದೆ?" ಎಂದ ವೇನ್. ಅವನ ಕಿವಿಯ ಪಕ್ಕ ಬೆವರು ಇಳಿಯುತ್ತಿರುವುದು ಅವಳಿಗೆ ಆಗ ಕಂಡಿತು. ತಾನು ಏನು ಮಾಡುತ್ತೇನೆಂದು ಅವನಿಗೂ ಇನ್ನೂ ಗೊತ್ತಿರಲಿಲ್ಲ. ಅವಳಿಗೆ ಭಯವಾದದ್ದು ಅದರಿಂದಲೇ.

ಜೋಡಿಗೂನು ತಲೆಯ ಮೇಲಿಂದ ಜಾರಿತು. ಕಾರು ನೆಗೆಯಿತು.

ಗಾಳಿ ಕಿವಿಯಲ್ಲಿ ಹುಯ್ಯೆಂದಿತು. ಮುಂದೆ ಎರಡು ಉದ್ದ ರೆಕ್ಕೆಗಳು, ನಡುವೆ ಒಂದರ ಹಿಂದೊಂದು ಎರಡು ಗಾಜಿನ ಗೂನುಗಳು. ಮುಂದಿನ ಗಾಜಿನೊಳಗೆ, ಸಂಜೆ ಒಂದು ಮನೆಯ ಬಾಗಿಲು ತಟ್ಟಿ ಎರಡು ಮಕ್ಕಳಿಗೆ ನಿಮ್ಮಪ್ಪನದು ತಪ್ಪಲ್ಲ ಎಂದು ಹೇಳಬಲ್ಲ ಒಬ್ಬನೇ ಒಬ್ಬ ಮನುಷ್ಯ.

"ಇಪ್ಪತ್ತು," ಎಂದ ವೇನ್. "ಹದಿನೈದು."

ಧ್ವನಿಯಲ್ಲಿ ಒಡಕಿರಲಿಲ್ಲ. ಸರಿಯಾಗಿಯೇ ಹೇಳುತ್ತಿದ್ದಾನೆ ಎಂದುಕೊಂಡಳು. ಸರಿಯಾಗಿಯೇ ಹೇಳಿ ಮುಗಿಸುತ್ತಾನೆ. ಇಷ್ಟು ವರ್ಷದ ಅಭ್ಯಾಸ, ನಾಲಿಗೆ ತಾನಾಗಿ ಸುಳ್ಳು ಹೇಳುವುದಿಲ್ಲ.

"ಹತ್ತು."

ಕಾರಿನ ಗುಡುಗು ಒಂದೆಳೆ ಇಳಿಯಿತು. ರೆಕ್ಕೆಗಳು ಒಂದಿಷ್ಟು ದೂರ ಸರಿದವು. ಅವನ ಕಾಲು ಎಕ್ಸಿಲರೇಟರಿನಿಂದ ಮೇಲೆದ್ದಿತ್ತು.

ಮರುಕ್ಷಣ ಮೈಕು ಅವಳ ಬಾಯ ಮುಂದಿತ್ತು. ಅದರ ಗುಂಡಿಯನ್ನು ಅವನ ಹೆಬ್ಬೆರಳು ಒತ್ತಿಲ್ಲ, ಒತ್ತಲು ಕಾದಿದೆ.

"ಉಳಿದದ್ದು ನೀವು ಹೇಳಿ ಮೇಡಂ," ಎಂದ, ಮೆಲ್ಲಗೆ. "ಲಿಂಡ್ ಮಾಡಿದ್ದು ಎಷ್ಟು ಸುಲಭದ ತಪ್ಪು ಅಂತ ಗೊತ್ತಾಗಲಿ. ನೀವು ಹೇಳಿದ್ದೇ ಅವರಿಗೆ ನೆಲ. ಹೇಳದೆ ಇದ್ರೂ ಅವರು ಬರ್ತಾ ಇದಾರೆ."

"ನೀವು ಹೇಳಿ," ಎಂದಳು. "ದಮ್ಮಯ್ಯ. ನಾನು ಏನೂ ಬರ್ಕೊಳ್ಳಲ್ಲ. ಮಣ್ಣು ವಾಪಸ್ ತಗೊಳ್ಳಿ."

ತಾನು ಆಡಿದ ಮಾತು ತನಗೇ ಕೇಳಿಸಿತು. ಲೆನೋರಾಳ ಖಾಲಿ ಮೇಜನ್ನು ಅವಳು ಆ ಒಂದು ಉಸಿರಿನಲ್ಲಿ ಮಾರಿಬಿಟ್ಟಿದ್ದಳು. ಕೊಳ್ಳುವವನು ಕೊಳ್ಳಲಿಲ್ಲ.

"ಕರ್ಟಿಸ್?" ಹೆಡ್‌ಫೋನಿನಲ್ಲಿ ಹಾಲರನ್. "ಕರ್ಟಿಸ್, ಕೇಳಿಸ್ತಿಲ್ಲ. ಎಷ್ಟು?"

ಅದರ ಬೆನ್ನಿಗೇ ಎಳೆಯ ಧ್ವನಿ, ಲಿಂಡ್‌ನದು. "ಎಷ್ಟು ಸಾರ್?"

ವಿಮಾನದ ಹೊಟ್ಟೆಗೂ ಅದರ ನೆರಳಿಗೂ ನಡುವೆ ಒಂದು ಬೆಳಕಿನ ಪಟ್ಟಿ. ಮಾರ್ವಾ ಕಣ್ಣು ಕಿರಿದು ಮಾಡಿ ಅದನ್ನೇ ನೋಡಿದಳು. ಪಟ್ಟಿ ಸಣ್ಣಗಾಗುತ್ತಿತ್ತು. ಝಳದಲ್ಲಿ ಅಲುಗುತ್ತಿತ್ತು. ಒಮ್ಮೆ ಎತ್ತಿನಷ್ಟು ಎತ್ತರ, ಒಮ್ಮೆ ಗೇಣು.

ಗುಂಡಿ ಟಕ್ಕೆಂದಿತು.

"ಎರಡು," ಎಂದಳು ಮಾರ್ವಾ.

ಮೇಲಿದ್ದವರಿಬ್ಬರೂ ನಂಬಿದರು. ಎಂಜಿನ್ನಿನ ಸದ್ದು ಅಡಗಿತು, ರೆಕ್ಕೆಗಳು ಗಾಳಿಯ ಹಿಡಿತ ಬಿಟ್ಟವು. ಬ್ರೋಡಿಯ ಋಣ ಹೊತ್ತವನು ಆ ಹೊತ್ತಿಗೆ ನೆಲದಿಂದ ಎಷ್ಟು ಮೇಲಿದ್ದನೋ, ಅವಳಿಗೆ ಗೊತ್ತಿರಲಿಲ್ಲ.